ಮರಳು ದಿಬ್ಬದ ಮೊಟ್ಟೆ

ಬೆಳಗಿನ ಐದೂವರೆಗೆ ಡೋರ್ಸಿಲಾ ಲಿಲಿಪಾಲಿ ಕಾವಲಿನ ಅಟ್ಟಣೆಯ ಮೇಲೆ ಕೂತು, ಸಾಗೋ ಮರದ ತಿರುಳಿನ ಒಣಗಿದ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದಳು. ಕೆಳಗೆ, ನದಿ ಕಡಲು ಸೇರುವಲ್ಲಿ, ಮರಳು ದಿಬ್ಬ. ಅದರ ಮೇಲೆ ಒಂದೇ ಒಂದು ಮಾಮೊವಾ ಹಕ್ಕಿ ಉಳಿದಿತ್ತು. ಮೊಟ್ಟೆಯನ್ನು ಮೊಳಕೈ ಆಳಕ್ಕೆ ಹೂತು, ಕಾಲಿನಿಂದ ಮರಳು ಎರಚಿ ಮುಚ್ಚುತ್ತಿತ್ತು. ಕಾವು ಕೊಡುವ ಕೆಲಸ ಬಿಸಿಲಿಗೆ ಬಿಟ್ಟು ಇನ್ನೇನು ಕಾಡಿಗೆ ಹೊರಡಲಿತ್ತು.

ಡೋರ್ಸಿಲಾಳ ಹಿಂದೆ ಆರು ಜನ ಪ್ರವಾಸಿಗರು ದುರ್ಬೀನು ಹಿಡಿದು ನಿಂತಿದ್ದರು. ಅರ್ಧ ಭೂಮಿ ದಾಟಿ ಬಂದವರು. ಹಕ್ಕಿ ಹಾರಿಹೋದ ಮೇಲೆ ಅವರಲ್ಲೊಬ್ಬಳು ಏನೋ ಅಂದಳು. ಅವರನ್ನು ಕರೆತಂದಿದ್ದ ಯೋಪಿಯನ್ನು ಏನೆಂದು ಡೋರ್ಸಿಲಾ ಕೇಳಿದಳು.

"ಕೋಳಿ ಥರ ಇದೆ ಅಂತಿದ್ದಾರೆ ಉಸಿ."

"ಕೋಳಿ ನೋಡೋಕೆ ಇಷ್ಟು ದೂರ ಬಂದ್ರಾ?" ಎಂದು ಡೋರ್ಸಿಲಾ ರೊಟ್ಟಿಯ ಇನ್ನೊಂದು ತುಂಡು ಅದ್ದಿದಳು.

ಊರಿನಲ್ಲಿ ಎಲ್ಲರೂ ಅವಳನ್ನು ಉಸಿ, ಅಂದರೆ ಅಕ್ಕ ಎಂದೇ ಕರೆಯುವುದು. ಐವತ್ತೆಂಟು ವರ್ಷ. ಹನ್ನೆರಡು ವರ್ಷದಿಂದ ಈ ದಿಬ್ಬದ ಕಾವಲು ಅವಳದು. ಫೆಬ್ರವರಿಯಲ್ಲಿ ಚರ್ಚಿನಲ್ಲಿ ಪ್ರಾರ್ಥನೆ ಮುಗಿಸಿ, ಎಳೆ ತೆಂಗಿನ ಗರಿ ಸುತ್ತಿದ ಗೂಟಗಳನ್ನು ದಿಬ್ಬದ ನಾಲ್ಕು ಮೂಲೆಗೆ ನೆಟ್ಟರೆ ಸಾಸಿ ಬಿತ್ತು ಎಂದರ್ಥ. ಅಕ್ಟೋಬರ್‌ವರೆಗೆ ಒಂದು ಮೊಟ್ಟೆಯನ್ನೂ ಯಾರೂ ಅಗೆಯುವಂತಿಲ್ಲ. ಸಾಸಿ ಮುರಿದರೆ ಭಾನುವಾರ ಚರ್ಚಿನಲ್ಲಿ ಮೊದಲು ಓದುವುದು ಕಳ್ಳನ ಹೆಸರನ್ನಲ್ಲ, ಕಾವಲಿನವರ ಹೆಸರನ್ನು. ಕಾವಲಿನ ಕೋಲನ್ನು ಎಲ್ಲರ ಎದುರು ಹಿಂದಿರುಗಿಸಬೇಕು. ಡೋರ್ಸಿಲಾಗಿಂತ ಮುಂಚೆ ಕೋಲು ಹಿಡಿದಿದ್ದ ಸಕರಿಯಾಸ್ ಅಜ್ಜನ ಕಾಲದಲ್ಲಿ ಒಮ್ಮೆ ಎರಡು ಮೊಟ್ಟೆ ಹೋದವು. ಆಮೇಲೆ ಆತ ಸಾಯುವ ತನಕ ಚರ್ಚಿನ ಕೊನೆಯ ಬೆಂಚಿನಲ್ಲಿ, ಬಾಗಿಲ ಪಕ್ಕ ಕೂತ.

ಯೋಪಿ ಊರಿನ ಮುಖ್ಯಸ್ಥ ಬಾಪಾ ರಾಜಾನ ಸೋದರಳಿಯ. ಕಡಲ ದಂಡೆಯಲ್ಲಿ ಮೂರು ಕೋಣೆ ಕಟ್ಟಿ ಪ್ರವಾಸಿಗರನ್ನು ಇಳಿಸಿಕೊಳ್ಳುತ್ತಾನೆ. ಅವನಿಗೆ ಮೀನು ಹಿಡಿಯಲು ಬರುವುದಿಲ್ಲ, ಸಾಗೋ ಮರ ಕಡಿಯಲು ಬರುವುದಿಲ್ಲ, ಮಾತಾಡಲು ಬರುತ್ತದೆ. ತನ್ನ ಅಜ್ಜ ಮೊಸಳೆಯ ಜೊತೆ ಹೋರಾಡಿದ್ದನೆಂದು ಬಂದವರಿಗೆಲ್ಲ ಹೇಳುತ್ತಾನೆ. ಅಜ್ಜ ಅಂಚೆ ಕಚೇರಿಯಲ್ಲಿದ್ದ.

ಈ ಆರು ಜನ ಅವನಿಗೆ ತಕ್ಕವರೇ. ಮೊದಲ ದಿನ ಪಾಪೆಡಾ ಬಡಿಸಿದರು. ಸಾಗೋ ಹಿಟ್ಟಿಗೆ ಕುದಿನೀರು ಹೊಯ್ದು ತಿರುವಿದ, ಅಂಟಿನಂಥ ಗಂಜಿ ಅದು. ಹಳದಿ ಮೀನು ಸಾರಿನಲ್ಲಿ ತೇಲಿಸಿ, ಅಗಿಯದೆ ನುಂಗಬೇಕು. ಒಬ್ಬ ಅದನ್ನು ಚಾಕುವಿನಿಂದ ಕತ್ತರಿಸಲು ಹೋದ. ಒಬ್ಬಳು ಸಕ್ಕರೆ ಕೇಳಿದಳು. ಇನ್ನೊಬ್ಬ ಹತ್ತು ನಿಮಿಷ ಅಗಿದು, ತಾನು ಏನನ್ನು ಅಗಿಯುತ್ತಿದ್ದೇನೆ ಎಂದು ತಿಳಿಯದೆ ಕಣ್ಣು ಒರೆಸಿಕೊಂಡ. ಎರಡನೆಯ ದಿನ ಬೇಟೆಯವನೊಬ್ಬ ಜೀವಂತ ಕುಸ್ಕುಸ್ ಹಿಡಿದು ತಂದ. ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ, ದುಂಡು ಕಣ್ಣಿನ ಮರಪ್ರಾಣಿ. ಆರೂ ಜನ ಸೇರಿ, ಕೈ ಮುಗಿಯುವುದೊಂದು ಬಾಕಿ, ಗೋಗರೆದು ಬಿಡಿಸಿದರು. ಸಂಜೆ ಪಕ್ಕದ ಮನೆಯಿಂದ ಹೊಗೆಯಾಡಿಸಿದ ಮಾಂಸದ ವಾಸನೆ ಬಂತು. ಏನೆಂದು ಕೇಳಿದರು, ಕುಸ್ಕುಸ್ ಎಂದು ತಿಳಿದ ಮೇಲೂ ಒಂದೊಂದು ತುಂಡು ಕೇಳಿ ತಿಂದರು.

"ಮುಖ ಕಂಡ್ರೆ ಬಿಟ್ಬಿಡಿ ಅಂತಾರೆ, ಮಾಂಸ ಕಂಡ್ರೆ ಕೊಡಿ ಅಂತಾರೆ," ಎಂದು ಡೋರ್ಸಿಲಾ ಬಾವಿಕಟ್ಟೆಯ ಹತ್ತಿರ ಹೇಳಿದ್ದನ್ನು ಹೆಂಗಸರು ಮತ್ತೆ ಮತ್ತೆ ನೆನೆದು ನಕ್ಕರು.

ಮೂರನೆಯ ದಿನ ಅವಳ ನಗು ನಿಂತಿತು. ಯೋಪಿಯ ಜಗಲಿಯಲ್ಲಿ ಮಾಮೊವಾ ಮೊಟ್ಟೆಯ ಊಟ ನಡೆಯುತ್ತಿದೆ ಎಂಬ ಸುದ್ದಿ ಮಧ್ಯಾಹ್ನದ ಹೊತ್ತಿಗೆ ಊರಿಡೀ ಹರಡಿತು. ಡೋರ್ಸಿಲಾ ಮೊದಲು ದಿಬ್ಬಕ್ಕೆ ಹೋಗಿ ಮರಳು ನೋಡಿದಳು. ಹಕ್ಕಿಯ ಹೆಜ್ಜೆ ಬಿಟ್ಟರೆ ಬೇರೆ ಗುರುತಿರಲಿಲ್ಲ. ಆದರೂ ಕೋಲು ಹಿಡಿದು ಅಲ್ಲಿಂದ ನೇರ ಜಗಲಿಗೆ ಹೋದಳು.

ಮೇಜಿನ ನಡುವೆ ನಸುಗೆಂಪಿನ ದೊಡ್ಡ ಚಿಪ್ಪು ಎರಡು ಹೋಳಾಗಿ ಇತ್ತು. ಚಿಪ್ಪು ಮಾಮೊವಾದ್ದೇ, ಅನುಮಾನವಿಲ್ಲ. ಪಕ್ಕದ ತಟ್ಟೆಯಲ್ಲಿ ಕರಿದ ಮೊಟ್ಟೆ. ದಪ್ಪ ಕನ್ನಡಕದ ಹೆಂಗಸು ಕಣ್ಣು ಮುಚ್ಚಿ ತಿನ್ನುತ್ತ, ಇದರಲ್ಲಿ ಕಾಡಿದೆ, ಕಡಲಿದೆ, ಹಳೆಯ ಹೊಗೆಯಿದೆ ಎಂದು ವರ್ಣಿಸುತ್ತಿದ್ದಳು. ಯೋಪಿ ಅದನ್ನು ನೆರೆದವರಿಗೆ ಅನುವಾದಿಸುತ್ತಿದ್ದ.

ಡೋರ್ಸಿಲಾ ಬಗ್ಗಿ ತಟ್ಟೆ ನೋಡಿದಳು. ಮಾಮೊವಾ ಮೊಟ್ಟೆಯಲ್ಲಿ ಇರುವುದೆಲ್ಲ ಹಳದಿಯೇ. ಬಿಳಿ ಹೆಸರಿಗೆ ಮಾತ್ರ. ಇಲ್ಲಿ ಬಿಳಿ ತಟ್ಟೆಯ ಅಂಚಿನವರೆಗೂ ಹರಡಿತ್ತು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು.

"ಯಾರ ಮನೆ ಬಾತುಕೋಳೀದೋ ಇದು?"

ಯೋಪಿಯ ಮುಖದ ನಗೆ ಹಾಗೇ ಇತ್ತು. ತುಟಿ ಮಾತ್ರ ಅಲುಗಿತು. "ದಮ್ಮಯ್ಯ ಉಸಿ, ಇವರ ಮುಂದೆ ಮಾನ ಕಳೀಬೇಡಿ. ನಾಡಿದ್ದು ಹೋಗ್ತಾರೆ. ಆಮೇಲೆ ನೀವು ಹೇಳಿದಂಗೆ ಕೇಳ್ತೀನಿ."

"ನಾಳೆ ಭಾನುವಾರ. ನಿನ್ನ ಮಾನ ನಾಡಿದ್ದಿನವರೆಗೆ ಉಳೀಲಿ ಅಂತ ನನ್ನ ಹೆಸರು ನಾಳೆ ಓದಿಸಿಕೊಳ್ಳಲಾ?"

ಅಷ್ಟರಲ್ಲಿ ಬಾಪಾ ರಾಜಾನಿಂದ ಕರೆ ಬಂತು, ಇಬ್ಬರಿಗೂ. ಮಾತು ನಡೆಯುವುದು ಗೂಟದ ಹತ್ತಿರ ಎಂದು ಹೇಳಿ ಕಳಿಸಿದ್ದ.

ಗೂಟದ ಮಾತು ಬೇರೆ. ಸಾಸಿಯ ಗೂಟದ ಮೇಲೆ ಕೈಯಿಟ್ಟು ಸುಳ್ಳು ಹೇಳಿದವರು ಊರಿನಲ್ಲಿ ಇಲ್ಲ. ಧೈರ್ಯವಿದ್ದವರು ಇರಬಹುದು, ಇನ್ನೂ ಸಿಕ್ಕಿಲ್ಲ. ವರ್ಷವಿಡೀ ಬಾಯಿಗೆ ಬಂದದ್ದು ಹೇಳಿ ಬದುಕುವ ಯೋಪಿ ಅಲ್ಲಿಗೆ ಹೋಗುವಾಗ ಚಪ್ಪಲಿ ಬಿಟ್ಟು ಹೋದ. ಅವನ ಹಿಂದೆ ಆರು ಜನ ಪ್ರವಾಸಿಗರೂ ಕ್ಯಾಮೆರಾ ಹಿಡಿದು ಬಂದರು. ಅವರಿಗೆ ಇದು ಊಟದ ಜೊತೆ ಸೇರಿದ ಆಟ.

ಐವರು ಹಿರಿಯರು ನಿಂತಿದ್ದರು. ಮೊಟ್ಟೆ ಎಲ್ಲಿಯದೆಂದು ಬಾಪಾ ರಾಜಾ ಒಂದೇ ಸಲ ಕೇಳಿದ. ಯೋಪಿ ಗೂಟದ ಮೇಲೆ ಕೈಯಿಟ್ಟ.

"ಬಾತುಮೊಟ್ಟೆ, ಮಾವ. ಮೂರು. ಚಿಪ್ಪು ಹೋದ ಅಕ್ಟೋಬರಿಂದು, ಎತ್ತಿಟ್ಟಿದ್ದೆ."

"ಅವರ ಭಾಷೇಲೂ ಹೇಳು," ಎಂದಳು ಡೋರ್ಸಿಲಾ. "ಕೈ ತೆಗೀಬೇಡ."

ಯೋಪಿ ಹೇಳಿದ. ಪ್ರವಾಸಿಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅವರಲ್ಲಿ ಹಿರಿಯ, ಪಾಪೆಡಾ ಕತ್ತರಿಸಲು ಹೋಗಿದ್ದವನು, ಮುಂದೆ ಬಂದು ಯೋಪಿಯ ಬೆನ್ನು ತಟ್ಟಿದ. ತಾನು ನಲವತ್ತು ದೇಶಗಳಲ್ಲಿ ಉಂಡವನು, ತನ್ನ ನಾಲಿಗೆ ಮೋಸಹೋಗುವುದಿಲ್ಲ, ಊರವರ ಭಯಕ್ಕೆ ಪಾಪ ಹೀಗೆ ಹೇಳುತ್ತಿದ್ದೀಯ ಎಂದ. ಕನ್ನಡಕದ ಹೆಂಗಸು ಹೌದೆಂದು ತಲೆಯಾಡಿಸಿದಳು. ಸುಳ್ಳು ಬಡಿಸಿದಾಗ ನಾಲಿಗೆ ಚಪ್ಪರಿಸಿದವರು ನಿಜ ಕೇಳಿದಾಗ ಸಮಾಧಾನ ಹೇಳಿದರು. ಅನುವಾದಿಸುವಾಗ ಯೋಪಿಯ ದನಿ ಎಷ್ಟು ಇಳಿದಿತ್ತೆಂದರೆ ಬಾಪಾ ರಾಜಾ ಎರಡು ಸಲ ಹೇಳಿಸಬೇಕಾಯಿತು.

ಡೋರ್ಸಿಲಾ ಅವರ ಕಡೆ ತಿರುಗಿ ಕೂಡ ನೋಡಲಿಲ್ಲ. "ಬಾತು ಯಾವುದು, ಹಕ್ಕಿ ಯಾವುದು ಅಂತ ನಾಲಿಗೆಗೆ ಗೊತ್ತಿಲ್ಲ. ಇವರಿಗೆ ದುರ್ಬೀನು ಬೇರೆ," ಎಂದಳು. ಹಿರಿಯರಲ್ಲಿ ಇಬ್ಬರು ಕೆಮ್ಮಿದರು.

ತೀರ್ಪಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ದಿಬ್ಬ ಮುರಿದಿಲ್ಲ; ಡೋರ್ಸಿಲಾಳ ಕೋಲು ಅವಳ ಬಳಿಯೇ ಇರಲಿ. ಆದರೆ ಸಾಸಿ ಮುರಿದೆನೆಂದು ಜಗಲಿಯಲ್ಲಿ ಕೂತು ಜಂಬ ಕೊಚ್ಚಿದ್ದೂ ಮುರಿದಷ್ಟೇ ತಪ್ಪು. ಭಾನುವಾರ ಚರ್ಚಿನಲ್ಲಿ ಒಂದೇ ಹೆಸರು ಓದಿದರು, ಅದು ಯೋಪಿಯದು. ಪ್ರವಾಸಿಗರು ಹಿಂದಿನ ಬೆಂಚಿನಲ್ಲಿ ಕೂತು ಹಾಡು ಚೆನ್ನಾಗಿದೆ ಎಂದರು.

ಸೋಮವಾರ ದೋಣಿ ಅವರನ್ನು ಕರೆದುಕೊಂಡು ಹೋಯಿತು. ತೀರ್ಪಿನಂತೆ ಮಂಗಳವಾರದಿಂದ, ದಿಬ್ಬ ತೆರೆಯುವ ಅಕ್ಟೋಬರ್ ತನಕ, ಬೆಳಗಿನ ಐದಕ್ಕೆ ಯೋಪಿ ಅಟ್ಟಣೆ ಹತ್ತಿ ಡೋರ್ಸಿಲಾಳ ಪಕ್ಕ ಕಾವಲು ಕೂರಬೇಕು. ಇಬ್ಬರ ರೊಟ್ಟಿಯೂ ಅವನ ಮನೆಯದೇ.