ಅಕ್ಕನ ಸೈಕಲ್ಲಿಗೆ ಹಾಕಿಸಿದ ಕ್ಲಚ್ಚು

ಸೈಕಲ್ಲಿಗೆ ಪುಟ್ಟ ಪೆಟ್ರೋಲ್ ಮೋಟರು ಕಟ್ಟಿಸಹೊರಟವನನ್ನು ಕಾಡುವ ಪ್ರಶ್ನೆಗಳು ಎರಡೇ: ಹಿಂದಿನ ಚಕ್ರದ ಹಲ್ಲುಗಾಲಿ ಎಷ್ಟು ದೊಡ್ಡದಿರಬೇಕು, ಕ್ಲಚ್ಚು ಯಾವ ಬಗೆಯದಾಗಬೇಕು. ಬಾಯೊಳಗಿನ ಹಲ್ಲುಗಳೇ ಒಂದೊಂದಾಗಿ ವಿದಾಯ ಹೇಳುತ್ತಿರುವ ವಯಸ್ಸಿನಲ್ಲಿ ನಾನು ಗಾಲಿಯ ಹಲ್ಲುಗಳ ಚಿಂತೆಯಲ್ಲಿ ಮುಳುಗಿದ್ದೆನೆಂದರೆ, ಓದುಗ ಮಿತ್ರರೇ, ಅದಕ್ಕೆ ಕಾರಣ ನನ್ನ ಅಕ್ಕ.

ತಮಿಳುನಾಡಿನ ಧಾರಾಪುರಂನಲ್ಲಿ ನನ್ನದು ನೂಲಿನ ಅಂಗಡಿ. ಮಡತ್ತುಕುಳಂನಲ್ಲಿ ಅಕ್ಕನದು ಒಂದಿಷ್ಟು ತೆಂಗಿನ ತೋಟ. ಬಹುಕಾಲ ಮಗ್ಗ ನೇಯ್ದವಳು, ಈಗ ದಿನವೂ ಸೈಕಲ್ಲು ತುಳಿದು ಕಾಲುವೆಯ ಏರು ಹತ್ತಿ ತೋಟಕ್ಕೆ ಹೋಗುತ್ತಾಳೆ. ಮಂಡಿ ನೋಯುತ್ತದೆಂದು ಒಮ್ಮೆ ಫೋನಿನಲ್ಲಿ ಅಂದಳು. ಅಷ್ಟೇ ಸಾಕಾಯಿತು, ನನ್ನೊಳಗಿನ ಯಂತ್ರವಿಶಾರದ ಎಚ್ಚೆತ್ತ. ಹಲ್ಲುಗಾಲಿ ಚಿಕ್ಕದಾದರೆ ವೇಗ, ದೊಡ್ಡದಾದರೆ ಏರು ಹತ್ತುವ ಬಲ ಎಂದು ವಿಡಿಯೋಗಳಿಂದ ಅರಿತು ದೊಡ್ಡದನ್ನೇ ಆರಿಸಿದೆ. ಅಲ್ಲಿಗೆ ನಿಲ್ಲಿಸಿದ್ದರೆ ವಿವೇಕಿ ಎನ್ನಿಸಿಕೊಳ್ಳುತ್ತಿದ್ದೆ. ಎಂಜಿನ್ನಿನ ವೇಗ ಹೆಚ್ಚಿದೊಡನೆ ತಾನೇ ಹಿಡಿದುಕೊಳ್ಳುವ ಕ್ಲಚ್ಚೂ ಸಿಗುತ್ತಿತ್ತು. ಅದು ಸೋಮಾರಿಗಳ ಸಾಧನವೆಂದು ತೀರ್ಪು ಕೊಟ್ಟು, ಎಡಗೈಯಿಂದ ಹಿಡಿದು ಬಿಡುವ ಕ್ಲಚ್ಚನ್ನು ಹಾಕಿಸಿದೆ.

ಗಾಡಿ ತಂದ ದಿನ ಅಕ್ಕನ ಮನೆಯ ಮುಂದೆ ಅಕ್ಕಪಕ್ಕದವರೆಲ್ಲ ನೆರೆದರು. ನಾನು ತಮಿಳಿನಲ್ಲಿ ಉಪನ್ಯಾಸವನ್ನೇ ಬಿಗಿದೆ. ಅಕ್ಕ ಹತ್ತಿದಳು, ಗಾಡಿ ಒಮ್ಮೆ ಹಾರಿ ನಿಂತಿತು. ಮತ್ತೆ ಹಾರಿತು, ಮತ್ತೆ ನಿಂತಿತು. ಯಾರೋ ನಕ್ಕರು. ನನ್ನ ಉಡುಗೊರೆಯ ಮಾನ ಹೋಗುತ್ತಿದೆಯೆಂದು ಅಷ್ಟೂ ಜನರೆದುರು ಗದರಿದೆ:

“ಪೂರ್ತಿ ಹಿಡಿ ಅಂದ್ನಲ್ಲ ಅಕ್ಕಾ! ಇಷ್ಟು ಸಣ್ಣ ವಿಷಯ ತಲೆಗೆ ಹೋಗಲ್ವಾ?”

ಕಲಿಸಿಕೊಡೋಣವೆಂದು ಅವಳ ಎಡಗೈಯ ಮೇಲೆ ಕೈಯಿಟ್ಟು ಒತ್ತಿದೆ. ಕಿರುಬೆರಳೂ ಉಂಗುರಬೆರಳೂ ಮಡಚಿಕೊಳ್ಳಲೇ ಇಲ್ಲ. ನಡುಬೆರಳು ಅರ್ಧಕ್ಕೆ ನಿಂತಿತು.

ಜನ ಚದುರಿದ ಮೇಲೆ ನಮ್ಮ ಮನೆಮಾತಾದ ತಮಿಳು ಬೆರೆತ ಕನ್ನಡದಲ್ಲಿ ಮೆಲ್ಲಗೆ ಅಂದಳು: “ಈ ಕೈಲಿ ಮಗ್ಗದ ಹಲಗೆ ತಳ್ಳಿ ತಳ್ಳಿ ಹಿಂಗಾಯ್ತು ತಂಬಿ. ರೊಂಬ ವರ್ಷ ಆಯ್ತು. ನಿಂಗೆ ಗೊತ್ತು ಅಂತ್ಲೇ ಇದ್ದೆ.”

“ಆಗ್ಲೇ ಹೇಳ್ಬಾರ್ದಿತ್ತಾ ಅಕ್ಕಾ?”

“ಅಷ್ಟು ಜನದ ಮುಂದೆ ಹೇಳಿದ್ರೆ ನಿಂಗೇ ಅವಮಾನ ಅಲ್ವಾ? ಕೂಡಹುಟ್ಟಿದವನಿಗೇ ತಿಳಿದಿಲ್ಲ ಅಂತಾರೆ.”

ಪ್ರತಿ ಪೊಂಗಲ್ಲಿಗೂ ಅವಳ ಮನೆಯಲ್ಲಿ ಉಂಡವನು ನಾನು. ಬಡಿಸುವುದು ಬಲಗೈ, ಎಲೆಯ ಮೇಲೆ ಬಾಗಿ ಬರುವ ಆ ಕೈಯನ್ನಷ್ಟೇ ನಾನು ಬಲ್ಲೆ. ಇನ್ನೊಂದು ಕೈ ಪಾತ್ರೆಯನ್ನು ಬೆರಳುಗಳಿಂದ ಹಿಡಿಯಲಾರದೆ ಸೊಂಟಕ್ಕೆ ಆನಿಸಿಕೊಳ್ಳುತ್ತಿತ್ತೆಂಬುದು ಅಂದು, ತಲೆ ತಗ್ಗಿಸಿ ಕೂತಾಗ, ನೆನಪಾಯಿತು. ಕಂಡಿದ್ದೆ, ನೋಡಿರಲಿಲ್ಲ.

ಮರುದಿನ ಆ ಸೋಮಾರಿಗಳ ಕ್ಲಚ್ಚನ್ನೇ ಹಾಕಿಸಿ ತಂದೆ. ಉಪನ್ಯಾಸ ಮಾಡಲಿಲ್ಲ. ಅಕ್ಕ ಬಲಗೈಯಿಂದ ಹಿಡಿ ತಿರುಗಿಸಿದಳು. ಗಾಡಿ ಸಲೀಸಾಗಿ ಹೊರಟು, ಕಾಲುವೆಯ ಏರನ್ನು ಹತ್ತಿ ತೆಂಗಿನ ಮರಗಳ ನಡುವೆ ಮರೆಯಾಯಿತು.

ಪಕ್ಕದ ಮನೆಯಾಕೆ ಮೆಚ್ಚುಗೆಯಿಂದ ನನ್ನತ್ತ ತಿರುಗಿ, ‘ಮೊದಲು ತಂದ ಸಾಮಾನೇ ಕೆಟ್ಟಿತ್ತು, ತಮ್ಮ ಒಂದೇ ದಿನದಲ್ಲಿ ಕಂಡುಹಿಡಿದು ಸರಿಮಾಡಿಸುತ್ತಿದ್ದಾನೆ’ ಎಂದು ಅಕ್ಕ ಬೆಳಿಗ್ಗೆ ಬೀದಿಗೆಲ್ಲ ಹೇಳಿದಳೆಂದು ತಮಿಳಿನಲ್ಲಿ ತಿಳಿಸಿದಳು. ಕೆಟ್ಟದ್ದು ಸಾಮಾನಲ್ಲ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ಕಾಫಿಯ ಲೋಟವನ್ನು ಕೈಗಿತ್ತಳು.

ಕುಡಿದೆ.