ಗದ್ವಾಲ ಉತ್ತರ ಕೊಟ್ಟಿತು

ನನಗೆ ದೆವ್ವಗಳ ಭಯವಿಲ್ಲ. ಕಂಪ್ಯೂಟರಿನ ಫ್ಯಾನಿನ ಭಯವಿದೆ. ಯಾರೂ ಮುಟ್ಟದಿದ್ದಾಗ ಅದು ಜೋರಾಗಿ ತಿರುಗತೊಡಗಿದರೆ, ರಸಾಯನಶಾಸ್ತ್ರದ ಪಾಠ ಹೇಳಿ ನಿವೃತ್ತನಾದ ನಾನು ಕುರ್ಚಿಯ ಮೇಲೆ ಕಾಲೆತ್ತಿಕೊಂಡು ಕೂರುತ್ತೇನೆ.

ನಾರಾಯಣಪೇಟೆಯ ನಮ್ಮ ಪಡಸಾಲೆಯಲ್ಲಿ ಮೂರು ಕಂಪ್ಯೂಟರುಗಳಿದ್ದವು. ನನ್ನದರ ಹೆಸರು ನಾರಾಯಣಪೇಟೆ. ಗೆಳೆಯ ರಾಘಣ್ಣ ತಂದಿಟ್ಟದ್ದು ಅವನೂರಿನ ಹೆಸರಿನ ಗದ್ವಾಲ. ಇಬ್ಬರೂ ಸೇರಿ ಕೊಂಡ ಹಳೆಯದು, ಎರಡೂ ಊರುಗಳ ನಡುವಿನ ಊರಿನ ಹೆಸರಿನ ಮಕ್ತಲ್. ಭೌತಶಾಸ್ತ್ರದ ಮೇಷ್ಟ್ರಾಗಿದ್ದ ರಾಘಣ್ಣನಿಗೆ ಮೂರನ್ನೂ ಒಟ್ಟಿಗೆ ದುಡಿಸಿ, ಒಂದು ಹನಿ ನೀರಿನೊಳಗೆ ಅಣುಗಳು ಹೇಗೆ ಓಡಾಡುತ್ತವೆಂದು ನೋಡುವ ಹುಚ್ಚು. ಅದಕ್ಕೆ ಬೇಕಾದ ತಂತ್ರಾಂಶ ಪುಕ್ಕಟೆ. ಆದರೆ ಸೀರೆ ಕೇಳಿದವರಿಗೆ ನೂಲು ಕೊಟ್ಟು ಮಗ್ಗ ತೋರಿಸಿದ ಹಾಗೆ; ಕಟ್ಟಿಕೊಳ್ಳುವುದು ನಮ್ಮ ಹಣೆಬರಹ. ಇದು ಬೇಕೆಂದರೆ ಮೊದಲು ಅದು ಬೇಕು, ಅದಕ್ಕೆ ಇನ್ನೊಂದು ಬೇಕು.

ಅದರೊಳಗೊಂದು ವಿಚಿತ್ರವಿದೆ. ಹನಿಯನ್ನು ಯಂತ್ರಗಳು ಪಾಲು ಮಾಡಿಕೊಳ್ಳುತ್ತವೆ. ಆದರೆ ಗಡಿಯಲ್ಲಿ ನಿಂತ ಅಣುವನ್ನು ಆಚೆಯ ಪಾಲಿನ ಅಣುವೂ ಎಳೆಯುತ್ತದಲ್ಲ? ಅದಕ್ಕೆಂದು ಪ್ರತಿ ಯಂತ್ರವೂ ನೆರೆಯ ಅಣುಗಳ ನಕಲು ಇಟ್ಟುಕೊಳ್ಳುತ್ತದೆ. ಬಲ್ಲವರು ಅವನ್ನು ದೆವ್ವದ ಅಣುಗಳೆನ್ನುತ್ತಾರೆ. ಅವು ಇಲ್ಲಿಲ್ಲ, ಸೆಳೆತ ಮಾತ್ರ ಇಲ್ಲಿದೆ. ರೇಷನ್ ಕಾರ್ಡು ತೆಲಂಗಾಣದಲ್ಲಿ, ಬೀಗರು ಗಡಿಯಾಚೆ ರಾಯಚೂರಿನಲ್ಲಿ ಇರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೆಲಸ ಅರ್ಧಕ್ಕಿರುವಾಗ ರಾಘಣ್ಣ ತೀರಿಕೊಂಡ. ಆಮೇಲೆ ನಾನು ಏನೇ ಮಾಡಿದರೂ ಪರದೆಯ ಮೇಲೆ ಒಂದೇ ಸಾಲು: ಗದ್ವಾಲ ಉತ್ತರಿಸುತ್ತಿಲ್ಲ. ಆ ಯಂತ್ರದ ಹಿಂದಿನ ತಂತಿ ಸಡಿಲವಾಗಿದೆಯೆಂದು ಹೊಳೆಯಲು ನನಗೆ ಬಹಳ ದಿನ ಹಿಡಿಯಿತು. ಅಲ್ಲಿಯವರೆಗೆ ಆ ಸಾಲು ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತಿತ್ತು.

ಒಂದು ಮಧ್ಯಾಹ್ನ ಅವನ ಹೆಂಡತಿ ಪದ್ಮಕ್ಕ ಬಸ್ಸಿಳಿದು ಬಂದರು. "ಅವರ ಕಂಪ್ಯೂಟರ್ ಒಯ್ಯಾಕ ಬಂದೀನಿ ಅಣ್ಣಾರ. ಎಲ್ಲಾ ಅಳಿಸಿ ಕೊಡ್ರಿ, ಮೊಮ್ಮಗಳ ಓದಿಗೆ ಬೇಕಾಗೈತಿ," ಎಂದರು. ಅಳಿಸುವ ಮೊದಲು ಒಮ್ಮೆ, ರಾಘಣ್ಣ ಅದರಲ್ಲಿ ಸಿದ್ಧಮಾಡಿಟ್ಟ ಆಜ್ಞೆಗಳಿಂದಲೇ ತಂತ್ರಾಂಶ ಕಟ್ಟಿ ನೋಡುತ್ತೇನೆಂದೆ. ನಿಜ ಹೇಳಬೇಕೆಂದರೆ ನನಗೆ ಆ ಹನಿ ಬೇಕಿರಲಿಲ್ಲ. ಅವನ ಯಂತ್ರ ಖಾಲಿಯಾಗುವುದನ್ನು ಸ್ವಲ್ಪ ಹೊತ್ತು ಮುಂದೂಡಬೇಕಿತ್ತು.

ಪದ್ಮಕ್ಕ ಅಡುಗೆಮನೆಯಲ್ಲಿ ನನ್ನ ಹೆಂಡತಿಯೊಡನೆ ಮಾತಿಗೆ ಕೂತರು. ಪರದೆಯ ಮೇಲೆ ಸಾಲುಗಳು ಓಡಿದವು. ಫ್ಯಾನು ಗುಂಯ್‌ಗುಟ್ಟಿ, ತಟ್ಟನೆ ಸುಮ್ಮನಾಯಿತು. ನನ್ನ ಪಕ್ಕದಲ್ಲೇ ಯಾರೋ ಗಂಟಲು ಸರಿಮಾಡಿಕೊಂಡರು.

"ಪದ್ಮಾ, ಆತು ನೋಡು! ಚಹಾ ತಗೊಂಬಾ."

"ಬಂದೆ, ತಡೀರಿ," ಎಂದು ಒಳಗಿನಿಂದ ಉತ್ತರ ಬಂತು. ಹಿಂದೆಯೇ ಲೋಟದ ಸದ್ದು.

ಪದ್ಮಕ್ಕ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ನಿಜವಾಗಿಯೂ ಚಹಾ ಇತ್ತು. ಕಟ್ಟುವ ಕೆಲಸ ಮುಗಿದೊಡನೆ ಗೊತ್ತಾಗಲೆಂದು ಯಂತ್ರ ತನ್ನ ಮನೆಯಲ್ಲಿದ್ದಾಗಲೇ ರಾಘಣ್ಣ ಅದರಲ್ಲಿ ತನ್ನ ದನಿ ತುಂಬಿಸಿಟ್ಟಿರಬೇಕೆಂದು ತೊದಲುತ್ತ ವಿವರಿಸಿದೆ. ವಿವರಣೆ ಸರಿಯಾಗಿಯೇ ಇತ್ತು. ನನ್ನ ಕೈಮೇಲಿನ ಕೂದಲು ಅದನ್ನು ಒಪ್ಪಲಿಲ್ಲ.

ಅವರು ಲೋಟವನ್ನು ಗದ್ವಾಲದ ಪಕ್ಕದಲ್ಲಿಟ್ಟರು. ಪರದೆಯತ್ತ ಬೆರಳು ತೋರಿದರು.

"ಇದನ್ನ ಬಿಚ್ಚಿ ಮತ್ತ ಕಟ್ಟಾಕ ಬರ್ತದೇನ್ರಿ?"

"ಬರ್ತದ್ರಿ. ಅರ್ಧ ತಾಸಿನ ಕೆಲ್ಸ ಐತಿ."

"ಹಂಗಾರ ಕಟ್ರಿ. ಅಷ್ಟೊತ್ತಿಗೆ ಈ ಚಹಾ ಆರಿಹೋಗ್ತದ, ಬ್ಯಾರೆ ಇಡ್ತೀನಿ."

ಸರಿಯಾಗಿ ಕೂತ ತಂತ್ರಾಂಶವನ್ನು ಸುಮ್ಮಸುಮ್ಮನೆ ಕಿತ್ತು ಮತ್ತೆ ಕಟ್ಟುವವನನ್ನು ಬುದ್ಧಿ ಇದ್ದವರು ಪೆದ್ದ ಎನ್ನುತ್ತಾರೆ. ನಾನು ಕಿತ್ತೆ. ಸಂಜೆ ಮೊಮ್ಮಗಳ ಓದಿಗೆಂದು ಪದ್ಮಕ್ಕನ ಜೊತೆ ಊರಿನ ಬಸ್ಸು ಹತ್ತಿದ್ದು ಗದ್ವಾಲ ಅಲ್ಲ, ಹಳೆಯ ಮಕ್ತಲ್.