ಗಾದಿ ಅಂಗಡಿಯ ಚಾಚಿ

ಚಾಚಿಯ ಹುಬ್ಬಿನ ಮೇಲೆ ಯಾವಾಗಲೂ ಹತ್ತಿ ಕೂತಿರುತ್ತಿತ್ತು. ಹುಬ್ಬಿನ ಮೇಲೆ, ರೆಪ್ಪೆಯ ತುದಿಗೆ, ಸೆರಗಿನಿಂದ ಹೊರಗೆ ಇಣುಕಿದ ನಾಲ್ಕು ಕೂದಲಿಗೆ. ಹತ್ತಿ ಹಿಂಜುವ ಯಂತ್ರ ನಿಲ್ಲಿಸಿ ಅಂಗಡಿಯ ಬಾಗಿಲಿಗೆ ಬಂದು ಎರಡೂ ಅಂಗೈಯಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಬೆವರಿಗೆ ಅಂಟಿದ್ದು ಅಷ್ಟಕ್ಕೆ ಬಿಡುತ್ತಿರಲಿಲ್ಲ. ಮೊದಲ ಸಲ ನೋಡಿದಾಗ ಎಷ್ಟೊಂದು ವಯಸ್ಸಾಗಿದೆ ಇವರಿಗೆ ಎಂದುಕೊಂಡಿದ್ದೆ. ಆಗಿನ್ನೂ ಅವರಿಗೆ ಐವತ್ತು ತುಂಬಿರಲಿಲ್ಲ.

ಹಿರೇಕೆರೂರಿನ ಪೇಟೆಯ ಹಿಂದಿನ ಓಣಿಯಲ್ಲಿ ಅವರ ಗಾದಿ ಅಂಗಡಿ. ತವರು ಸವಣೂರು. ಗಂಡ ತೀರಿಕೊಂಡಾಗ ಯಂತ್ರ ಮಾರಿ ಬಂದುಬಿಡು ಎಂದು ತವರಿನವರು ಕರೆದರೂ ಹೋಗದೆ, ಗಾದಿ, ತಲೆದಿಂಬು ಹೊಲಿದು ಮಗಳನ್ನು ಬೆಳೆಸಿ, ಅದೇ ಸವಣೂರಿಗೆ ಮದುವೆ ಮಾಡಿ ಕೊಟ್ಟಿದ್ದರು. ಓಣಿಗೆಲ್ಲ ಅವರು ಚಾಚಿ.

ಅವರ ಪರಿಚಯಕ್ಕೆ ಮೊದಲು ನಾನು ಅಕ್ಕಿಆಲೂರಿನಲ್ಲಿ ಗಂಡನ ಮನೆಯಲ್ಲಿದ್ದೆ. ಹತ್ತಿರದ ಹಳ್ಳಿಯೊಂದರ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಹೋಗುತ್ತಿದ್ದೆ. ಇಪ್ಪತ್ತೇಳನೆಯ ವಯಸ್ಸಿಗೆ ಕಾಯಿಲೆ ಬಂತು. ಮಕ್ಕಳ ನೋಟುಪುಸ್ತಕಗಳಲ್ಲಿ ನನ್ನ ಬಗ್ಗೆ ಏನೋ ಗುಟ್ಟಾಗಿ ಬರೆದಿದೆ ಎನ್ನಿಸತೊಡಗಿತು. ಹಾಳೆಗಳನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದೆ. ಗೋಡೆಯ ಆಚೆ ಯಾರೋ ನನ್ನ ಹೆಸರು ಹಿಡಿದು ಮಾತಾಡುತ್ತಿದ್ದರು. ಧಾರವಾಡದಲ್ಲಿ ಒಂದು ತಿಂಗಳು ಆಸ್ಪತ್ರೆಯಲ್ಲಿದ್ದು ಹೊರಗೆ ಬರುವಷ್ಟರಲ್ಲಿ ಗಂಡನ ಮನೆಯವರು ನನ್ನ ಟ್ರಂಕನ್ನು ಹಿರೇಕೆರೂರಿಗೆ, ಅವ್ವನ ಮನೆಗೆ ಮುಟ್ಟಿಸಿದ್ದರು.

ಅಲ್ಲಿ ಎರಡು ವರ್ಷ ಮಲಗಿದೆ. ಧ್ವನಿಗಳು ನಿಂತಿದ್ದವು. ಅವುಗಳ ಜೊತೆಗೆ ಉಳಿದದ್ದೂ ನಿಂತಿತ್ತು. ಅವ್ವ ಕರೆದರೆ ಉಣ್ಣುವುದು, ಮಾತ್ರೆ ನುಂಗುವುದು, ಮತ್ತೆ ಮಲಗುವುದು.

ಎರಡನೆಯ ವರ್ಷದ ಕೊನೆಗೆ ಅವ್ವ ನನ್ನ ಗಾದಿಯನ್ನು ಹೊಸದಾಗಿ ಹಿಂಜಿಸಲು ಚಾಚಿಯ ಅಂಗಡಿಗೆ ಒಯ್ದಳು. ಚಾಚಿ ಅದನ್ನು ನೆಲಕ್ಕೆ ಹಾಸಿ ಕೈಯಾಡಿಸಿದರಂತೆ. ಒಂದು ಮಗ್ಗುಲಿಗೆ, ಮನುಷ್ಯರ ಉದ್ದಕ್ಕೆ, ತಗ್ಗು ಬಿದ್ದಿತ್ತು. ಅದರೊಳಗೆ ಅಂಗೈಯಿಟ್ಟು ಕೇಳಿದರಂತೆ:

"ಇದರಾಗ ಇಷ್ಟ ಯಾರ ಮಲಗ್ಯಾರ್ರಿ ಅಕ್ಕಾರ?"

ಎರಡು ವರ್ಷದಿಂದ ಯಾರ ಮುಂದೆಯೂ ಬಾಯಿಬಿಡದ ಅವ್ವ ಅಲ್ಲಿ, ಹತ್ತಿಯ ರಾಶಿಯ ಮಗ್ಗುಲಿಗೆ ಕೂತು, ಎಲ್ಲವನ್ನೂ ಹೇಳಿ ಅತ್ತಳು. ಚಾಚಿ ಸಮಾಧಾನದ ಮಾತೇನೂ ಆಡಲಿಲ್ಲ.

"ಗಾದಿ ಇಲ್ಲೇ ಇರಲಿ. ನಾಳೆ ಆಕಿನ್ನ ಕರಕೊಂಡ ಬರ್ರಿ. ಆಕೀನ ಬಿಚ್ಚಲಿ, ಆಕೀನ ಹೊಲಿಲಿ" ಎಂದರಂತೆ.

ಹಾಗೆ ನಾನು ಹೊಲಿದ ಮೊದಲ ಗಾದಿ ನನ್ನದೇ. ಹದಿನೇಳು ದಿನ ಹಿಡಿಯಿತು. ಮಾತ್ರೆಗಳಿಂದ ಕೈ ನಡುಗುತ್ತಿತ್ತು, ದಬ್ಬಣ ಎಲ್ಲೋ ಚುಚ್ಚಿ ಎಲ್ಲೋ ಹೊರಬರುತ್ತಿತ್ತು. ಚಾಚಿ ನೋಡಿದರೂ ನೋಡದವರ ಹಾಗೆ ಇದ್ದರು. ನಾನು ಮುಂಜಾನೆ ಏಳಲಾರೆ, ಮಾತ್ರೆಯ ಮಂಪರು ಇಳಿಯುವುದೇ ತಡ ಎಂದಾಗ ಹೇಳಿದ್ದು ಒಂದೇ ಮಾತು: "ನಿನ್ನ ಮುಂಜಾನೆ ಹನ್ನೊಂದಕ್ಕ ಶುರು ಆಗಲಿ ಬೇಟಿ. ಯಾರ ಬ್ಯಾಡ ಅಂತಾರ?"

ದುಡಿಮೆಯ ಮೇಲೆ ಅವರಿಗೆ ಆ ಪರಿ ನಂಬಿಕೆ ಯಾಕೆಂದು ನಿಧಾನಕ್ಕೆ ತಿಳಿಯಿತು. ಅವರಿಗೊಬ್ಬ ತಮ್ಮನಿದ್ದ. ಅವನಿಗೆ ಇಪ್ಪತ್ತನೆಯ ವಯಸ್ಸಿಗೆ ನನ್ನಂಥದೇ ಕಾಯಿಲೆ. ಮನೆಯವರು ಕೆಟ್ಟವರಲ್ಲ. ಹಿತ್ತಲ ಕೋಣೆ ಕೊಟ್ಟು, ಹೊತ್ತುಹೊತ್ತಿಗೆ ಊಟ ಕೊಟ್ಟು, "ನಿನಗ್ಯಾಕಪ್ಪ ಕೆಲಸ, ಮಲಕ್ಕೋ" ಎಂದು ಇಪ್ಪತ್ತು ವರ್ಷ ನೋಡಿಕೊಂಡರು. ಅವನು ಆಗಾಗ ಬಾಗಿಲಿಗೆ ಬಂದು, ಹತ್ತಿ ಹಿಂಜುತ್ತಿದ್ದ ತಂದೆಯನ್ನು ಕೇಳುತ್ತಿದ್ದನಂತೆ, ನಾನೂ ಸ್ವಲ್ಪ ಹಿಂಜಲಾ? ಯಾರೂ ಅವನ ಕೈಗೆ ಏನನ್ನೂ ಕೊಡಲಿಲ್ಲ. ನಲವತ್ತಕ್ಕೆ ತೀರಿಕೊಂಡ. "ಏನ ಬ್ಯಾನಿ ಅಂತ ಡಾಕ್ಟರಿಗೂ ತಿಳೀಲಿಲ್ಲ. ಕುಂತ ಕುಂತ ಸತ್ತ" ಎನ್ನುತ್ತಿದ್ದರು ಚಾಚಿ.

ಹಾಗಾಗಿ, ನನ್ನ ಕಾಯಿಲೆಗೂ ಅಂಗವಿಕಲರ ಕಾರ್ಡು, ತಿಂಗಳ ಮಾಸಾಶನ ಸಿಗುತ್ತದೆ ಎಂದು ಡಾಕ್ಟರು ಹೇಳಿದಾಗ ಚಾಚಿಗೆ ಅದು ಸೇರಲಿಲ್ಲ.

"ಕಾರ್ಡ್ ಮಾಡಿಸಿದ್ರ ಆಕಿನೂ ನಾ ಏನಕ್ಕೂ ಬಾರದಾಕಿ ಅಂತ ತಿಳಕೋತಾಳ್ರಿ. ದುಡಿಯೋ ಕೈಗೆ ಅದ್ಯಾಕ?" ಎಂದು ಅವ್ವನಿಗೆ ಹೇಳಿದರು. ಅವ್ವ ಅರ್ಜಿಯನ್ನು ಟ್ರಂಕಿನ ತಳಕ್ಕೆ ಹಾಕಿದಳು. ನಿಜ ಹೇಳಬೇಕೆಂದರೆ ನನಗೂ ಅದೇ ಬೇಕಿತ್ತು. ಆ ಕಾರ್ಡಿನಲ್ಲಿ ನನ್ನ ಕಾಯಿಲೆಯ ಹೆಸರು ಅಚ್ಚಾಗುವುದು ನನಗೆ ಬೇಡವಾಗಿತ್ತು.

ಮುಂದಿನ ವರ್ಷ ಮದುವೆಯ ಸುಗ್ಗಿ. ಮದುಮಗಳ ಸಾಮಾನಿನ ಜೊತೆ ಗಾದಿ, ತಲೆದಿಂಬು ಕೊಡುವುದು ನಮ್ಮ ಕಡೆಯ ರೂಢಿ. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. "ಒಂದ ತಿಂಗಳ ಲಗೂನ ಬರ್ತಿಯೇನ ಬೇಟಿ?" ಎಂದು ಚಾಚಿ ಕೇಳಿದರು. ನನಗೆ ಹಿಗ್ಗು. ಯಾರಿಗೋ ನಾನು ಬೇಕಾಗಿದ್ದೆ! ಬೇಗ ಏಳಬೇಕೆಂದು ರಾತ್ರಿಯ ಮಾತ್ರೆ ಬಿಟ್ಟೆ. ಯಾರಿಗೂ ಹೇಳಲಿಲ್ಲ. ಮೊದಲ ವಾರ ಕೈ ನಡುಗಲಿಲ್ಲ, ಹೊಲಿಗೆ ನೇರವಾಗಿ ಬಂತು, ಎಂಟಕ್ಕೇ ಅಂಗಡಿಯಲ್ಲಿರುತ್ತಿದ್ದೆ. ಮೂರನೆಯ ವಾರ ತಲೆದಿಂಬಿನ ಹತ್ತಿಯೊಳಗಿಂದ ಯಾರೋ ನನ್ನ ಹೆಸರು ಹಿಡಿದು ಕರೆದರು. ನಾನು ಹೊಲಿದದ್ದನ್ನೆಲ್ಲ ಒಂದೊಂದಾಗಿ ಹರಿದು ಓಣಿಯ ತುಂಬ ಹತ್ತಿ ಚೆಲ್ಲಿದೆ.

ಮತ್ತೆ ಧಾರವಾಡ. ಹತ್ತನೆಯ ದಿನಕ್ಕೋ ಏನೋ, ಕಣ್ಣು ಬಿಟ್ಟಾಗ ಮಂಚದ ಪಕ್ಕದ ಸ್ಟೂಲಿನಲ್ಲಿ ಚಾಚಿ ಕೂತಿದ್ದರು. ಸುಗ್ಗಿಯ ನಡುವೆ ಅಂಗಡಿ ಮುಚ್ಚಿ ಬಂದಿದ್ದರು.

"ಅರವಿ ಎಲ್ಲಾ ಹಾಳ ಮಾಡಿದೆ, ಚಾಚಿ" ಎಂದೆ.

"ಅರವಿ ಸುಡ್ಲಿ. ಗುಳಿಗಿ ಬಿಟ್ಟಿದ್ದಿಯಂತ. ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಕೆಲಸಕ್ಕ ಬ್ಯಾಡ ಅಂತಿದ್ರಿ."

ಅವರು ನನ್ನ ಹೊದಿಕೆಯ ಅಂಚು ಸರಿಮಾಡಿದರು. ಆಮೇಲೆ ಮೆಲ್ಲಗೆ, ನನಗಿಂತ ತಮಗೇ ಹೇಳಿಕೊಳ್ಳುವವರಂತೆ ಹೇಳಿದರು: "ನನ್ನ ತಮ್ಮಗ ಬರೇ ಮಲಗಿಸಿ ಕೆಡಿಸಿದ್ರು. ನಾ ನಿನಗ ಬರೇ ದುಡಿಸಿ ಕೆಡಿಸಿದೆ. ತಪ್ಪ ನಂದೂ ಐತಿ."

ಹಿರಿಯರೊಬ್ಬರು ನನ್ನೆದುರು ತಪ್ಪು ಒಪ್ಪಿಕೊಂಡದ್ದು ನನ್ನ ಬದುಕಿನಲ್ಲಿ ಅದೊಂದೇ ಸಲ.

ಊರಿಗೆ ಮರಳಿದ ವಾರ ಅವರೇ ಮನೆಗೆ ಬಂದು ಟ್ರಂಕಿನಿಂದ ಅರ್ಜಿ ತೆಗೆಸಿದರು. ಹಾವೇರಿಯ ಜಿಲ್ಲಾ ಆಸ್ಪತ್ರೆಗೆ ಬಸ್ಸಿನಲ್ಲಿ ಮೂರು ಸಲ ಕರೆದುಕೊಂಡು ಹೋದರು. ಕಾರ್ಡು ಬಂದ ದಿನ ನಾನು ಅದನ್ನು ಕೈಯಲ್ಲಿ ಹಿಡಿದು ಅಳುತ್ತಿದ್ದಾಗ, ಚಾಚಿ ಅದನ್ನು ಇಸಿದುಕೊಂಡು ಹಿಂದೆ ಮುಂದೆ ನೋಡಿ, "ಫೋಟೋ ಚಲೋ ಬಂದೈತಿ" ಎಂದರು. ಅಷ್ಟೇ. ಮರುದಿನ ಹನ್ನೊಂದಕ್ಕೆ ಅಂಗಡಿಗೆ ಹೋದೆ. ಆಗದ ದಿನ ಹೋಗುತ್ತಿರಲಿಲ್ಲ. ಬಂದ ದಿನಗಳ ಮೇಲೆ ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಬಟ್ಟೆಗೆ ಗುರುತು ಮಾಡುವ ನೀಲಿ ಸೀಮೆಸುಣ್ಣದಿಂದ ಗೀಟು ಎಳೆಯುತ್ತಿದ್ದರು. ಬರದ ದಿನಗಳ ಬಗ್ಗೆ ಒಮ್ಮೆಯೂ ಕೇಳಲಿಲ್ಲ.

ಓಣಿಯಲ್ಲಿ ಮಾತು ಹುಟ್ಟದೆ ಇರಲಿಲ್ಲ. ದುಡಿಯುತ್ತಾಳೆ, ಸರ್ಕಾರದ್ದನ್ನೂ ತಿನ್ನುತ್ತಾಳೆ ಎಂದರು. ಅದು ನನ್ನ ಕಿವಿಗೂ ಬೀಳುತ್ತಿತ್ತು. ಹೀಗಾಗಿ ಮರುವರ್ಷ ಮಾಸಾಶನದವರ ತಪಾಸಣೆಗೆಂದು ಊರ ಲೆಕ್ಕಿಗರಾದ ತಲಾಟಿ ಅಂಗಡಿಯ ಮೆಟ್ಟಿಲು ಹತ್ತಿದಾಗ ನಾನು ಮಾಡಿದ ಮೊದಲ ಕೆಲಸ, ಕೈಯಲ್ಲಿದ್ದ ದಬ್ಬಣವನ್ನು ಹತ್ತಿಯ ಕೆಳಗೆ ತೂರಿಸಿದ್ದು. ಅವರು ಹೊಸಬರು, ಚಿಕ್ಕ ವಯಸ್ಸಿನವರು. ಅದನ್ನು ಕಂಡೇಬಿಟ್ಟರು.

"ಏನ್ರಿ ಇದು? ಕಾಗದದಾಗ ದುಡಿಯಾಕ ಆಗೂದಿಲ್ಲ ಅಂತ ಐತಿ. ಇಲ್ಲಿ ನೋಡಿದ್ರ ಕೆಲಸ ಮಾಡಾಕತ್ತೀರಿ?"

ಚಾಚಿ ಯಂತ್ರ ನಿಲ್ಲಿಸಿದರು. ಮೊದಲು ಬೈದದ್ದು ನನಗೆ.

"ದಬ್ಬಣ ಯಾಕ ಮುಚ್ಚಿಟ್ಟಿ? ಕದ್ದಿಯೇನ? ತಗಿ ಹೊರಗ."

ತೆಗೆದೆ. ಆಮೇಲೆ ತಲಾಟಿಯ ಕಡೆ ತಿರುಗಿದರು.

"ಹೌದ್ರಿ ಸಾಹೇಬ್ರ, ದುಡಿತಾಳ. ನನಗಿಂತ ಚಲೋ ಹೊಲಿತಾಳ. ಕುಂತ್ಕೋರಿ, ಈ ಕ್ಯಾಲೆಂಡರ್ ನೋಡ್ರಿ. ಈ ತಿಂಗಳ ಹದಿನಾಲ್ಕ ದಿನ ಬಂದಾಳ. ಹಿಂದಿನ ತಿಂಗಳ ಹಾಳಿ ತಿರವಿ ನೋಡ್ರಿ, ಒಂದ ಗೀಟರ ಕಾಣತೈತೇನು? ನೀವು ಇವತ್ತ ಬಂದ್ರಿ, ಕೆಲಸ ಮಾಡೂದ ಕಂಡ್ರಿ. ಆ ತಿಂಗಳ ಬಂದಿದ್ರ ಆಕಿ ಗ್ವಾಡಿ ಕಡೆ ಮುಖಾ ಮಾಡಿ ಮಲಗಿದ್ದ ಕಾಣತಿದ್ರಿ. ಎರಡೂ ಖರೇನ. ನೀವು ಯಾವುದ ಬರೀತೀರಿ?"

ತಲಾಟಿ ಕ್ಯಾಲೆಂಡರಿನ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಅವರ ಕಾಗದದಲ್ಲಿ ಹೌದು, ಇಲ್ಲ ಎಂಬ ಎರಡೇ ಮನೆಗಳಿದ್ದವು. ಪೆನ್ನು ಹಿಡಿದು, ಎರಡನ್ನೂ ಬಿಟ್ಟು, ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಏನೋ ಬರೆದರು. "ಇದನ್ನ ಡಾಕ್ಟರ ನೋಡಿ ಹೇಳಬೇಕ್ರಿ, ನಾ ಅಲ್ಲ" ಎಂದು ಎದ್ದು ಹೋದರು. ನಾಲ್ಕು ತಿಂಗಳು ಮಾಸಾಶನ ನಿಂತಿತು. ಹಾವೇರಿಯಲ್ಲಿ ಮತ್ತೆ ತೋರಿಸಿದ ಮೇಲೆ ಬರತೊಡಗಿತು.

ಇವತ್ತು ಕೂಡ ಅಬಲೂರು ಕಡೆಯಿಂದಲೋ ಹಾನಗಲ್ಲಿನಿಂದಲೋ ನನ್ನ ಸುದ್ದಿ ಕೇಳಿ, ನನ್ನಂಥದೇ ಕಾಯಿಲೆಯ ಮಕ್ಕಳ ತಾಯಂದಿರು ಬಂದು, ಕೆಲಸಕ್ಕೆ ಕಳಿಸಲೋ ಕಾರ್ಡು ಮಾಡಿಸಲೋ ಎಂದು ಕೇಳುತ್ತಾರೆ. ಎಲ್ಲರಿಗೂ ಹೊಂದುವ ಉತ್ತರ ನನ್ನ ಬಳಿಯಿಲ್ಲ. ಕಾರ್ಡಿನ ದುಡ್ಡು ಇದ್ದುದರಿಂದ ನಾನು ಆಗದ ದಿನ ಮಲಗಿ, ಮಾತ್ರೆ ಬಿಡದೆ ಕೆಲಸ ಮಾಡಿದೆ, ಇದಿಷ್ಟನ್ನೇ ಹೇಳುತ್ತೇನೆ. ಆಮೇಲೆ ಅವರ ಮಗನೋ ಮಗಳೋ ಏನು ಮಾಡಲು ಇಷ್ಟಪಡುತ್ತಾರೆಂದು ಕೇಳುತ್ತೇನೆ. ಬಹಳ ತಾಯಂದಿರಿಗೆ ಅದು ಗೊತ್ತಿರುವುದಿಲ್ಲ.

ಕಳೆದ ವರ್ಷ ಚಾಚಿಗೆ ಉಬ್ಬಸ ಹೆಚ್ಚಾಗಿ ಮಗಳು ಸವಣೂರಿಗೆ ಕರೆದೊಯ್ದಳು. ಅಂಗಡಿ ಈಗ ಅವರ ಅಳಿಯ ಸವಣೂರಿನಿಂದ ವಾರಕ್ಕೆರಡು ಸಲ ಬಂದು ನೋಡಿಕೊಳ್ಳುತ್ತಾನೆ, ನಾನು ಅಲ್ಲೇ ಹೊಲಿಯುತ್ತೇನೆ. ಚಾಚಿ ತೀರಿಕೊಂಡ ಸುದ್ದಿ ಬಂದಾಗ ನನಗೆ ಕೆಟ್ಟ ಕಾಲ ನಡೆದಿತ್ತು. ಎದ್ದು ಕೂರಲು ಕೂಡ ಆಗುತ್ತಿರಲಿಲ್ಲ. ಅವ್ವ ಒಬ್ಬಳೇ ಮಣ್ಣಿಗೆ ಹೋಗಿಬಂದಳು.

ಇಪ್ಪತ್ತು ದಿನಗಳಾದ ಮೇಲೆ ಒಬ್ಬಳೇ ಸವಣೂರಿಗೆ ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನೆಪ ಹುಡುಕಿದೆ. ಜ್ವರ ಎನ್ನಲೇ? ಬಸ್ಸು ಸಿಗಲಿಲ್ಲ ಎನ್ನಲೇ? ಬಾಗಿಲು ತೆರೆದ ಮಗಳು ನನಗೆ ಬಾಯಿಬಿಡಲು ಬಿಡಲಿಲ್ಲ.

"ಏನೂ ಹೇಳಬ್ಯಾಡ ಅಕ್ಕ. ನಮ್ಮವ್ವ ಎಲ್ಲಾ ಹೇಳಿ ಹೋಗ್ಯಾಳ. 'ನನ್ನ ಮಣ್ಣಿಗೆ ಆಕಿ ಬರಲಿಲ್ಲಂದ್ರ ಯಾರೂ ತಪ್ಪ ತಿಳಕೋಬ್ಯಾಡ್ರಿ, ಆಕಿಗೆ ಆದ ದಿನ ಬರ್ತಾಳ, ಬಂದಾಗ ಉಣಿಸಿ ಕಳಸ್ರಿ' ಅಂದಿದ್ಲು. ಬಾ ಒಳಗ."

ಅಡುಗೆಮನೆಯಲ್ಲಿ ಅವಳ ಎದುರಿಗೆ ಕೂತು, ಅಳುತ್ತಲೇ, ಎರಡು ಸಲ ನೀಡಿಸಿಕೊಂಡು ಉಂಡೆ.